ಸರ್ವರ್ ಕೊಠಡಿಯ ಪೂರ್ವಸಿದ್ಧತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ರೈತಾಪಿ ಜನರಿಗೆ ಸರ್ವರ್ ಎಂಬ ಶಬ್ದವನ್ನು ಬಹುಮಟ್ಟಿಗೆ ಪರಿಚಯಿಸಿದ್ದು 'ಭೂಮಿ' ಯೋಜನೆ. 2000ರ ದಶಕದ ಆರಂಭದಲ್ಲಿ ಪಹಣಿಗಳು ಗಣಕೀಕೃತಗೊಂಡಾಗ ತಹಶೀಲ್ದಾರ ಕಚೇರಿಗಳಲ್ಲಿ ಸರ್ವರ್ ಇರಿಸಲಾಯಿತು. ಕೈಬರಹದ ಪಹಣಿಗೆ ಮಾನ್ಯತೆ ನಿಂತುಹೋಯಿತು. ಮುಂದೆ ಆ ದತ್ತಾಂಶವು ರಾಜ್ಯಮಟ್ಟದ ಕೇಂದ್ರಕ್ಕೆ ವರ್ಗವಾಯಿತಾದರೂ, ಈಗ ಪತ್ತಿನ ಸಹಕಾರಿ ಸಂಘಗಳು, ಬೇಳೆ ಗಿರಣಿಗಳು, ಆಸ್ಪತ್ರೆಗಳು ಸ್ವಂತ ಸರ್ವರ್ ಹೊಂದಬಯಸುತ್ತವೆ. ಒಂದೇ ಅಡತಿ ಅಂಗಡಿಯ ಲೆಕ್ಕಕ್ಕೆ ಇದರ ಅಗತ್ಯವಿಲ್ಲ. ಅಗತ್ಯವುಳ್ಳವರು ಮಾತ್ರ ಯಂತ್ರದ ದರಪಟ್ಟಿ ತರಿಸುವ ಮೊದಲು ಕೊಠಡಿಯನ್ನು ಕುರಿತು ಯೋಚಿಸುವುದು ಲೇಸು.

ಮೇಲಂತಸ್ತಿನ ಕೊಠಡಿಗೆ ಚಾವಣಿಯ ಕಾವು. ನೆಲಮಟ್ಟದ ಕೊಠಡಿಗೆ ನೀರಿನ ಭಯ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಅತಿವೃಷ್ಟಿಯನ್ನು ಈ ಜಿಲ್ಲೆ ಮರೆತಿಲ್ಲ. ಆದುದರಿಂದ ಪಶ್ಚಿಮದ ಬಿಸಿಲು ತಾಗದ, ಶೌಚಾಲಯ ಮತ್ತು ನೀರಿನ ಕೊಳವೆಗಳಿಂದ ದೂರವಿರುವ ಒಳಕೊಠಡಿಯನ್ನು ಆರಿಸಿ, ರ್‍ಯಾಕನ್ನು ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಬೇಕು. ಅದರ ಹಿಂದೆ ಮುಂದೆ ಮೂರು ಅಡಿಗಳಷ್ಟಾದರೂ ಜಾಗ ಬೇಕು.

ಉಷ್ಣತೆಯ ಲೆಕ್ಕ ಕಠಿಣವೇನಲ್ಲ. ಸರ್ವರ್ ಬಳಸುವ ವಿದ್ಯುತ್ತು ಬಹುತೇಕ ಪೂರ್ಣವಾಗಿ ಶಾಖವಾಗುತ್ತದೆ. ಎರಡು ಸರ್ವರ್, ಸ್ವಿಚ್, ಸಂಗ್ರಹ ಸಾಧನ ಸೇರಿ 1500 ವ್ಯಾಟ್, ಯುಪಿಎಸ್‌ನ ನಷ್ಟ ಇನ್ನು 150 ವ್ಯಾಟ್ ಎಂದಿಟ್ಟುಕೊಳ್ಳೋಣ. ಒಂದು ಟನ್ನಿನ ಹವಾನಿಯಂತ್ರಕವು ಸುಮಾರು 3500 ವ್ಯಾಟ್ ಶಾಖವನ್ನು ಹೊರಹಾಕುತ್ತದೆ. ಗೋಡೆ, ಚಾವಣಿಗಳ ಕಾವನ್ನು ಕೂಡಿಸಿದರೂ ಸಣ್ಣ ಕೊಠಡಿಗೆ ಒಂದೂವರೆ ಟನ್ ಸಾಕಾಗುತ್ತದೆ. ಆದರೆ ಅಂತಹ ಎರಡು ಯಂತ್ರಗಳನ್ನಿಟ್ಟು ಸರದಿಯಂತೆ ನಡೆಸಬೇಕು. ಸರ್ವರ್‌ಗೆ ಪ್ರವೇಶಿಸುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಹೊರಗೆ 40 ಡಿಗ್ರಿ ದಾಟುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ನೀರಿನ ಕೂಲರ್ ಇದಕ್ಕೆ ಪರ್ಯಾಯವಾಗದು. ಅದು ತಂಪಿನೊಡನೆ ತೇವವನ್ನೂ ಧೂಳನ್ನೂ ಒಳತರುತ್ತದೆ.

ಹೆಚ್ಚಿನವರು ಎಡವುವುದು ವಿದ್ಯುತ್ ನಿಲುಗಡೆಯ ವಿಷಯದಲ್ಲಿ. ಯುಪಿಎಸ್ ಸಾಮಾನ್ಯವಾಗಿ ಸರ್ವರನ್ನು ಮಾತ್ರ ನಡೆಸುತ್ತದೆ, ಹವಾನಿಯಂತ್ರಕವನ್ನಲ್ಲ. ವಿದ್ಯುತ್ ಹೋದೊಡನೆ ತಂಪು ನಿಲ್ಲುತ್ತದೆ, ಶಾಖ ನಿಲ್ಲುವುದಿಲ್ಲ. ಮುಚ್ಚಿದ ಕೊಠಡಿಯ ಕಾವು ಕೆಲವೇ ನಿಮಿಷಗಳಲ್ಲಿ ಏರತೊಡಗುತ್ತದೆ. ನಾಲ್ಕು ತಾಸಿನ ಬ್ಯಾಟರಿ ಕೊಂಡವನು ತನ್ನ ಸರ್ವರನ್ನು ನಾಲ್ಕು ತಾಸು ಬೇಯಿಸಲು ಹಣ ತೆತ್ತಂತೆ. ಬ್ಯಾಟರಿ ಅರ್ಧ ತಾಸಿನದಿರಲಿ, ಹವಾನಿಯಂತ್ರಕಕ್ಕೆ ಜನರೇಟರ್ ಸಂಪರ್ಕವಿರಲಿ. ಅದಾಗದಿದ್ದರೆ ಯುಪಿಎಸ್‌ನ ಸೂಚನೆಯಂತೆ ಸರ್ವರ್ ಕ್ರಮಬದ್ಧವಾಗಿ ತಾನೇ ಸ್ಥಗಿತಗೊಳ್ಳುವ ವ್ಯವಸ್ಥೆಯನ್ನು ಮಾಡಿಸಬೇಕು. ವಿದ್ಯುತ್ ಮರಳಿದಾಗ ತಾನಾಗಿ ಚಾಲೂ ಆಗುವ ಹವಾನಿಯಂತ್ರಕವನ್ನೇ ಕೊಳ್ಳತಕ್ಕದ್ದು. ರಾತ್ರಿ ಎರಡು ಗಂಟೆಗೆ ಗುಂಡಿ ಒತ್ತಲು ಯಾರೂ ಇರುವುದಿಲ್ಲ. ಬ್ಯಾಟರಿಗಳಿಗೂ ತಂಪು ಬೇಕು: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅವುಗಳ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆ.

ಎರೆಭೂಮಿಯಲ್ಲಿ ಅರ್ಥಿಂಗ್ ಪ್ರತ್ಯೇಕ ಗಮನವನ್ನು ಬೇಡುತ್ತದೆ. ಹಸಿಯಿರುವಾಗ ಈ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ವಿದ್ಯುದ್ವಾರದಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಉತ್ತಮವೆನಿಸಿದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೆಲಸಕ್ಕೆ ಬಾರದಿರಬಹುದು. ಆದುದರಿಂದ ಅಳತೆಯನ್ನು ಬೇಸಿಗೆಯಲ್ಲಿಯೇ ಮಾಡಿಸಬೇಕು, ಗುಂಡಿಗೆ ನೀರು ಹಾಕುತ್ತಿರಬೇಕು.

ತೊಗರಿಯ ಸುಗ್ಗಿಯಲ್ಲಿ ಮಾರುಕಟ್ಟೆ ಪ್ರಾಂಗಣದ ಹೊಟ್ಟುಧೂಳು ಎಲ್ಲೆಡೆ ನುಗ್ಗುವುದರಿಂದ ಕಿಟಕಿಗಳನ್ನು ಮುಚ್ಚಿಸಿ, ಸೋಸುಕಗಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಕೇಬಲ್ ಹಾಯುವ ರಂಧ್ರಗಳನ್ನು ಇಲಿ ನುಸುಳದಂತೆ ತುಂಬಬೇಕು. ಬೆಂಕಿ ನಂದಿಸಲು ಇಂಗಾಲದ ಡೈಆಕ್ಸೈಡ್ ಉಪಕರಣವಿರಲಿ. ಪುಡಿಯ ಉಪಕರಣ ಬೆಂಕಿಯೊಡನೆ ಯಂತ್ರವನ್ನೂ ಕೆಡಿಸುತ್ತದೆ. ದಿನನಿತ್ಯದ ಲೆಕ್ಕದ ಪ್ರತಿಯೊಂದು ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿರಬೇಕು.

ಗುತ್ತಿಗೆದಾರನ ಕೊನೆಯ ಕಂತನ್ನು ಪಾವತಿಸುವ ಮುನ್ನ ಒಂದು ಪರೀಕ್ಷೆ ಅವಶ್ಯ. ಬಿಸಿಲೇರಿದ ಮಧ್ಯಾಹ್ನ, ದತ್ತಾಂಶದ ಪ್ರತಿ ತೆಗೆದಿರಿಸಿದ ಬಳಿಕ, ಎಲ್ಲ ಯಂತ್ರಗಳು ನಡೆಯುತ್ತಿರುವಾಗ ಮುಖ್ಯ ಸ್ವಿಚ್ಚನ್ನು ಆರಿಸಿ, ಬಾಗಿಲು ಮುಚ್ಚಿ, ಸರ್ವರಿನ ಮುಂದೆ ತೂಗುಹಾಕಿದ ಉಷ್ಣತಾಮಾಪಕವನ್ನು ಐದೈದು ನಿಮಿಷಕ್ಕೊಮ್ಮೆ ಓದಿ ಬರೆದಿಟ್ಟುಕೊಳ್ಳಬೇಕು.