ಲಡಾಖಿಗೆ ಬೈಕಿನಲ್ಲಿ: ಕಿಲೋಮೀಟರ್ ಬಿಡಿ, ರಾತ್ರಿ ಎಣಿಸಿ

ಶ್ರೀನಗರದಿಂದ ಲೇಹ್‌ಗೆ ಸುಮಾರು 420 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟೇ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿ ಮುಟ್ಟಿ ಅಭ್ಯಾಸವಿರುವವರು ‘ಒಂದೇ ದಿನ ಸಾಕಲ್ಲ’ ಎಂದು ಲೆಕ್ಕ ಹಾಕಿಬಿಡುತ್ತಾರೆ. ಮೊದಲ ಸಲ ಹೋಗುವವರ ಪ್ರವಾಸ ಕೆಡುವುದು ಇಲ್ಲಿಂದಲೇ. ಲಡಾಖಿನಲ್ಲಿ ಎಷ್ಟು ದಿನ ಬೇಕೆಂದು ತೀರ್ಮಾನಿಸುವುದು ದಾರಿಯ ಉದ್ದವಲ್ಲ. ನೀವು ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದು.

ಹಂತ 1: ತಿಂಗಳು ಗೊತ್ತುಮಾಡಿ

ಮನಾಲಿ–ಲೇಹ್ ದಾರಿ ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಜೂನ್‌ನಲ್ಲಿ ರಸ್ತೆಯ ಎರಡೂ ಬದಿ ಹಿಮದ ಗೋಡೆ ಸಿಗುತ್ತದೆ, ಜೊತೆಗೆ ಕರಗಿದ ನೀರು ರಸ್ತೆಗೆ ಅಡ್ಡ ಹರಿಯುತ್ತದೆ. ಜುಲೈ–ಆಗಸ್ಟ್‌ನಲ್ಲಿ ಲಡಾಖ್ ಬಹುಮಟ್ಟಿಗೆ ಒಣಗಿಯೇ ಇದ್ದರೂ ಅಲ್ಲಿಗೆ ಹೋಗುವ ಹಿಮಾಚಲದ ದಾರಿಯಲ್ಲಿ ಗುಡ್ಡ ಕುಸಿಯುವ ಭಯ ತಪ್ಪಿದ್ದಲ್ಲ. ಹೊಸಬರಿಗೆ ನನ್ನ ಆಯ್ಕೆ ಸೆಪ್ಟೆಂಬರ್. ರಾತ್ರಿ ಚಳಿ ಹೆಚ್ಚು, ಆದರೆ ಹಳ್ಳಗಳಲ್ಲಿ ನೀರು ಇಳಿದಿರುತ್ತದೆ. ಮನೆಯಲ್ಲಿ ಗಣೇಶನ ಹಬ್ಬ ತಪ್ಪಿಸಿದ್ದಕ್ಕೆ ಮಾತು ಕೇಳಬೇಕಾಗಬಹುದು, ಅದು ಬೇರೆ ವಿಷಯ.

ಹಂತ 2: ಮಲಗುವ ಊರುಗಳ ಎತ್ತರ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಊರು, ಅದರ ಮುಂದೆ ಎತ್ತರ. ಶ್ರೀನಗರ 1,600 ಮೀಟರ್, ಸೋನಮಾರ್ಗ್ 2,700, ಕಾರ್ಗಿಲ್ 2,700, ಲೇಹ್ 3,500, ನುಬ್ರಾ ಕಣಿವೆಯ ಹುಂಡರ್ 3,100, ಪ್ಯಾಂಗಾಂಗ್ ಸರೋವರದ ದಂಡೆ 4,250, ಸರ್ಚು 4,300, ಮನಾಲಿ 2,000. ಎಲ್ಲವೂ ಅಂದಾಜು ಅಂಕಿಗಳು, ಲೆಕ್ಕಕ್ಕೆ ಇಷ್ಟು ಸಾಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್ ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ದೇಹಕ್ಕೆ ಗೊತ್ತಿರುವುದು ಅಷ್ಟೇ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಪರ್ವತ ವೈದ್ಯರು ಹೇಳುವ ಲೆಕ್ಕ ಇದು. ಹಗಲು ಎತ್ತರದ ಪಾಸ್ ಹತ್ತಿ ಇಳಿಯುವುದು ದೇಹಕ್ಕೆ ಅಷ್ಟು ಭಾರವಲ್ಲ, ಅಲ್ಲೇ ನಿದ್ದೆ ಮಾಡುವುದು ಭಾರ. 5,300 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧ ಮಾತ್ರ. ತಲೆನೋವು, ವಾಕರಿಕೆ, ಸುಸ್ತು ಕಂಡರೆ ಅಲ್ಲೇ ನಿಲ್ಲಿ. ಹೆಚ್ಚಾದರೆ ಇಳಿಯಿರಿ, ರಾತ್ರಿಯಾದರೂ ಸರಿ. ಎತ್ತರದ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಆಗದವರು ಅದನ್ನು ಅವರಿಗೆ ಹೇಳಲೇಬೇಕು.

ಹಂತ 3: ದಿಕ್ಕು ಆರಿಸಿ

ಹಾಳೆಯನ್ನೇ ನೋಡಿ, ಉತ್ತರ ಅಲ್ಲಿದೆ. ಮನಾಲಿಯಿಂದ ಹೊರಟರೆ ಎರಡನೆಯ ರಾತ್ರಿಯೇ ಸರ್ಚುವಿನ 4,300 ಮೀಟರಿನಲ್ಲಿ ಗುಡಾರದೊಳಗೆ ನಿದ್ದೆ ಬಾರದೆ ಹೊರಳಬೇಕಾಗುತ್ತದೆ. ಶ್ರೀನಗರದ ಕಡೆಯಿಂದ ಹೋದರೆ ಜೋಜಿ ಲಾ, ಅದರಾಚೆ 4,100 ಮೀಟರಿನ ಫೋಟು ಲಾ ಪಾಸ್‌ಗಳನ್ನು ದಾಟಿದರೂ ಮಲಗುವುದು ತಗ್ಗಿನ ಊರುಗಳಲ್ಲಿ. ಆದ್ದರಿಂದ ಹೋಗುವಾಗ ಶ್ರೀನಗರ, ಬರುವಾಗ ಮನಾಲಿ. ಸರ್ಚುವಿಗೆ ಬರುವ ಹೊತ್ತಿಗೆ ವಾರದ ಮೇಲೆ ಎತ್ತರದಲ್ಲಿ ಕಳೆದ ದೇಹ ಅದನ್ನು ತಡೆದುಕೊಳ್ಳುತ್ತದೆ.

ಹಂತ 4: ನಿಮ್ಮ ನಿಜವಾದ ವೇಗ ತಿಳಿಯಿರಿ

ಹೊರಡುವ ಒಂದು ತಿಂಗಳ ಮುಂಚೆ, ಲಗೇಜು ಕಟ್ಟಿಕೊಂಡೇ, ಚಿಕ್ಕಮಗಳೂರಿನ ಕಡೆ ಎರಡು ದಿನ ಸತತವಾಗಿ ಓಡಿಸಿ. ಒಂದು ದಿನ ಚಾರ್ಮಾಡಿ, ಇನ್ನೊಂದು ದಿನ ಬೆಟ್ಟದ ದಾರಿಗಳು. ಎರಡನೆಯ ದಿನ ಎಷ್ಟು ಗಂಟೆ ಓಡಿಸಿದ ಮೇಲೆ ಹೆಗಲು, ಮಣಿಕಟ್ಟು ನೋಯತೊಡಗಿದವು ಎಂದು ಬರೆದುಕೊಳ್ಳಿ. ದಿನಕ್ಕೆ ಅಷ್ಟೇ ನಿಮ್ಮ ಮಿತಿ. ಹಿಮಾಲಯದಲ್ಲಿ ಕೆಟ್ಟ ರಸ್ತೆಯಿದ್ದ ಕಡೆ ಗಂಟೆಗೆ 25 ಕಿಲೋಮೀಟರ್ ಹಿಡಿಯಿರಿ. ಮೊಬೈಲಿನ ನಕ್ಷೆ ಆರು ಗಂಟೆ ಎಂದರೆ ಒಂಬತ್ತು ಎಂದುಕೊಳ್ಳಿ. ಫೋಟೊ, ಚಹಾ, ಸೇನೆಯ ಲಾರಿಗಳ ಸಾಲು, ಪಂಕ್ಚರ್, ಎಲ್ಲವೂ ಆ ಒಂಬತ್ತರೊಳಗೆ ಬರಬೇಕು. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ನಾಲ್ಕಕ್ಕೆ ಹೆಲ್ಮೆಟ್ ಕಳಚುವಂತಿದ್ದರೆ ದಿನ ಸರಿಯಾಗಿ ಹಾಕಿದ್ದೀರಿ ಎಂದರ್ಥ. ಬೇಗ ಹೊರಡಲು ಇನ್ನೊಂದು ಕಾರಣವೂ ಇದೆ. ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ಸೈಲೆನ್ಸರ್ ಮುಳುಗಿಸುತ್ತದೆ.

ಹಂತ 5: ರಾತ್ರಿಗಳನ್ನು ಪೋಣಿಸಿ

ಸ್ವಂತ ಬೈಕನ್ನು ರೈಲಿನಲ್ಲಿ ಜಮ್ಮುವಿಗೆ ಕಳಿಸಿದ್ದೀರಿ ಎಂದುಕೊಳ್ಳೋಣ. ಪಾರ್ಸೆಲ್ ಕಚೇರಿಯಲ್ಲಿ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಆರ್‌ಸಿ ನಕಲು ಬೇಕು. ಬೈಕು ನೀವು ಹೋಗುವ ರೈಲಿನಲ್ಲೇ ಬರುತ್ತದೆಂಬ ಭರವಸೆ ಇಲ್ಲ, ಹಾಗಾಗಿ ಮುಂಚಿತವಾಗಿ ಕಳಿಸುವುದು ಜಾಣತನ.

ಮೊದಲ ದಿನ ಜಮ್ಮುವಿನಿಂದ ಶ್ರೀನಗರ. ಎರಡನೆಯ ದಿನ ಬರೀ 80 ಕಿಲೋಮೀಟರ್, ಸೋನಮಾರ್ಗ್‌ವರೆಗೆ. ಇದು ಸೋಮಾರಿತನ ಅನ್ನಿಸಬಹುದು. ಆದರೆ ಅಲ್ಲಿ ಮಲಗಿದವರು ಬೆಳಿಗ್ಗೆ ಬೇಗ ಜೋಜಿ ಲಾ ಬುಡದಲ್ಲಿರುತ್ತಾರೆ, ದೇಹಕ್ಕೂ ಒಂದು ಮೆಟ್ಟಿಲು ಸಿಗುತ್ತದೆ. ಮೂರನೆಯ ದಿನ ದ್ರಾಸ್‌ನ ಯುದ್ಧ ಸ್ಮಾರಕದಲ್ಲಿ ಒಂದೆರಡು ಗಂಟೆ ನಿಂತು ಕಾರ್ಗಿಲ್. ನಾಲ್ಕನೆಯ ದಿನ ಲಾಮಾಯೂರು ಮಠ ನೋಡಿಕೊಂಡು ಲೇಹ್. ಐದನೆಯ ದಿನ ಲೇಹ್ ಬಿಟ್ಟು ಕದಲಬೇಡಿ. ನೀರು ಕುಡಿಯಿರಿ, ಪರವಾನಗಿಯ ಕೆಲಸವಿದ್ದರೆ ಮುಗಿಸಿ, ಚೈನಿಗೆ ಎಣ್ಣೆ ಹಾಕಿಸಿ. ಪ್ರೀಪೇಯ್ಡ್ ಸಿಮ್ ಇಟ್ಟುಕೊಂಡು ಬಂದವರಿಗೆ ಮನೆಗೆ ಫೋನ್ ಮಾಡುವ ಕೆಲಸವೂ ಆಗುವುದಿಲ್ಲ. ಹೊರರಾಜ್ಯದ ಪೋಸ್ಟ್‌ಪೇಯ್ಡ್ ಸಿಮ್ ಮಾತ್ರ ಅಲ್ಲಿ ಕೆಲಸ ಮಾಡುತ್ತದೆ.

ಆರನೆಯ ದಿನ 5,359 ಮೀಟರಿನ ಖರ್ದುಂಗ್ ಲಾ ದಾಟಿ ಹುಂಡರ್. ಪಾಸಿನ ಮೇಲೆ ಕಾಲು ಗಂಟೆ ಸಾಕು, ಫಲಕದ ಮುಂದೆ ಸರದಿ ಉದ್ದವಿದ್ದರೆ ಫೋಟೊ ಬಿಟ್ಟುಬಿಡಿ. ಏಳನೆಯ ದಿನ ತುರ್ತುಕ್ ನೋಡಿ ಬನ್ನಿ. ಬಹುತೇಕರು ದಿನ ಉಳಿಸಲು ಮೊದಲು ಕತ್ತರಿ ಹಾಕುವುದು ಇದಕ್ಕೆ. ನನ್ನನ್ನು ಕೇಳಿದರೆ ಕೊನೆಯವರೆಗೂ ಉಳಿಸಿಕೊಳ್ಳಬೇಕಾದ ದಿನವೇ ಇದು. 1971ರ ಯುದ್ಧದವರೆಗೆ ಪಾಕಿಸ್ತಾನದ ವಶದಲ್ಲಿದ್ದ ಬಾಲ್ಟಿ ಜನರ ಹಳ್ಳಿ, ಏಪ್ರಿಕಾಟ್ ತೋಟಗಳ ನಡುವೆ ಕಾಲುವೆಯ ನೀರು, ಎದುರಿಗೆ ಶ್ಯೋಕ್ ನದಿ. ರಸ್ತೆಯೂ ನದಿಯ ಪಕ್ಕದಲ್ಲೇ ಸಾಗುತ್ತದೆ, ಹತ್ತಿ ಇಳಿಯುವ ಕಾಟ ಕಡಿಮೆ.

ಎಂಟನೆಯ ದಿನ ಶ್ಯೋಕ್ ದಾರಿಯಲ್ಲಿ ಪ್ಯಾಂಗಾಂಗ್. ಹುಂಡರ್‌ನಿಂದ ಒಮ್ಮೆಲೇ ಸಾವಿರ ಮೀಟರ್ ಏರಿ ಮಲಗುವುದರಿಂದ ನಾವು ಹಾಕಿಕೊಂಡ ಲೆಕ್ಕ ಇಲ್ಲಿ ಮುರಿಯುತ್ತದೆ. ಅದಕ್ಕೇ ಅದನ್ನು ಇಷ್ಟು ತಡವಾಗಿ ಇಟ್ಟಿರುವುದು, ಅದಕ್ಕೇ ಒಂದೇ ರಾತ್ರಿ. ಲೇಹ್‌ನಲ್ಲೇ ತಲೆನೋವು ಬಿಡದಿದ್ದವರು ಈ ರಾತ್ರಿಯನ್ನು ಕೈಬಿಡಲಿ. ಒಂಬತ್ತನೆಯ ದಿನ ಚಾಂಗ್ ಲಾ ಮೇಲಿಂದ ಲೇಹ್‌ಗೆ ವಾಪಸು. ಹತ್ತನೆಯ ದಿನ ತಂಗ್‌ಲಂಗ್ ಲಾ, ಮೋರೆ ಬಯಲು, 21 ತಿರುವುಗಳ ಗಾಟಾ ಲೂಪ್ಸ್ ದಾಟಿ ಸರ್ಚು. ಇಡೀ ಪ್ರವಾಸದಲ್ಲಿ ಅತಿ ದೀರ್ಘ ದಿನ ಇದು. ಲೇಹ್ ಬಿಟ್ಟ ಮೇಲೆ ಸಿಗುವ ಕಾರು ಎಂಬ ಊರಿನ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಐದು ಲೀಟರಿನ ಕ್ಯಾನೂ ಇಟ್ಟುಕೊಳ್ಳಿ. ಮುಂದಿನ ನಂಬಬಹುದಾದ ಬಂಕ್ ಇರುವುದು 300ಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ತಾಂಡಿಯಲ್ಲಿ. ಹನ್ನೊಂದನೆಯ ದಿನ ಅಟಲ್ ಸುರಂಗದ ಮೂಲಕ ಮನಾಲಿ, ಹನ್ನೆರಡನೆಯ ದಿನ ಚಂಡೀಗಢ.

ಹಂತ 6: ಎರಡು ದಿನ ಖಾಲಿ ಬಿಡಿ

ಹನ್ನೆರಡಕ್ಕೆ ಎರಡು ಸೇರಿಸಿ ಹದಿನಾಲ್ಕು. ಈ ಎರಡನ್ನೂ ಕೊನೆಗೆ ತಳ್ಳಬೇಡಿ. ಒಂದು ಲೇಹ್‌ನಲ್ಲಿರಲಿ. ದೇಹ ಹೊಂದದಿದ್ದರೆ ಐದನೆಯ ದಿನದ ಜೊತೆ, ಹೊಂದಿದರೆ ಪ್ಯಾಂಗಾಂಗ್‌ನಿಂದ ಬಂದ ಮೇಲೆ ಬಳಸಿ. ಇನ್ನೊಂದು ಮನಾಲಿಯ ದಾರಿಗೆ. ಮಳೆ ಬಿದ್ದು ರಸ್ತೆ ಮುಚ್ಚಿದರೆ ಅದು ಬೇಕೇಬೇಕು. ವಾಪಸು ವಿಮಾನದ ಟಿಕೆಟ್ಟನ್ನು ಹದಿನೈದನೆಯ ದಿನಕ್ಕೆ ಮಾಡಿಸಿ.

ಹಂತ 7: ರಜೆ ಅಷ್ಟಿಲ್ಲದಿದ್ದರೆ

ಹದಿನಾಲ್ಕನ್ನು ಹಿಂಡಿ ಹತ್ತು ಮಾಡಬೇಡಿ, ಪ್ರವಾಸವನ್ನೇ ಚಿಕ್ಕದು ಮಾಡಿ. ಶನಿವಾರ ವಿಮಾನದಲ್ಲಿ ಲೇಹ್‌ಗೆ ಇಳಿದು ಮುಂದಿನ ಭಾನುವಾರ ಹೊರಟರೆ ಕಚೇರಿಯಿಂದ ಐದು ದಿನದ ರಜೆ ಸಾಕು. ಶನಿವಾರ, ಭಾನುವಾರ ವಿಶ್ರಾಂತಿ. ನೇರ 3,500 ಮೀಟರಿಗೆ ಹಾರಿ ಬಂದವರಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಸೋಮವಾರ ನಿಮ್ಮೂ ಎಂಬಲ್ಲಿನ ನದಿ ಸಂಗಮ, ಆಲ್ಚಿಯವರೆಗೆ ಸಣ್ಣ ಸವಾರಿ. ಮಂಗಳವಾರ, ಬುಧವಾರ ನುಬ್ರಾ ಮತ್ತು ತುರ್ತುಕ್, ಗುರುವಾರ ಪ್ಯಾಂಗಾಂಗ್, ಶುಕ್ರವಾರ ಲೇಹ್, ಶನಿವಾರ ಖಾಲಿ. ಬೈಕನ್ನು ಲೇಹ್‌ನಲ್ಲೇ ಬಾಡಿಗೆಗೆ ಪಡೆಯಿರಿ. ಮನಾಲಿ, ಶ್ರೀನಗರದ ಬಾಡಿಗೆ ಬೈಕುಗಳನ್ನು ನುಬ್ರಾ, ಪ್ಯಾಂಗಾಂಗ್ ಕಡೆ ಓಡಿಸಲು ಲೇಹ್‌ನಲ್ಲಿ ಬೈಕು ಬಾಡಿಗೆಗೆ ಕೊಡುವವರು ಬಿಡುವುದಿಲ್ಲ. ಭಾನುವಾರ ಸಂಜೆಯೇ ಅಂಗಡಿಗೆ ಹೋಗಿ ಬ್ರೇಕು, ಟೈರು, ಕ್ಲಚ್ ಕೇಬಲ್ ನೋಡಿ, ಊರೊಳಗೆ ಒಂದು ಸುತ್ತು ಓಡಿಸಿ. ಬೇರೆ ಬೈಕು ಕೇಳುವುದಿದ್ದರೆ ಆಗಲೇ ಕೇಳಿ. ಸೋಮವಾರ ಬೆಳಿಗ್ಗೆ ಚೆನ್ನಾಗಿರುವ ಬೈಕುಗಳೆಲ್ಲ ಹೊರಟುಹೋಗಿರುತ್ತವೆ.