ಮರುಭೂಮಿಯ ಕಲ್ಲುಕಮಾನು ಮತ್ತು ಅಪರಾಹ್ಣದ ಬಿಸಿಲು

ಪ್ರಶ್ನೆ: ನನಗೆ 63 ವರ್ಷ. ರಕ್ತದ ಒತ್ತಡಕ್ಕಾಗಿ ಬಹುಕಾಲದಿಂದ ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆಯನ್ನು ನುಂಗುತ್ತಿದ್ದೇನೆ. ಜುಲೈ ತಿಂಗಳಲ್ಲಿ ಅಮೆರಿಕದ ಮಗನ ಮನೆಗೆ ಹೋಗುವವನಿದ್ದೇನೆ. ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿರುವ ಡೆಲಿಕೇಟ್ ಆರ್ಚ್ ಎಂಬ ಕಲ್ಲುಕಮಾನಿಗೆ ಮಧ್ಯಾಹ್ನದ ಊಟ ಮುಗಿಸಿ ನಡೆದುಹೋಗೋಣ ಎನ್ನುತ್ತಾನೆ ಮಗ. ದಾವಣಗೆರೆಯ ಬಿಸಿಲಿನಲ್ಲಿ ಬೆಳೆದವನಿಗೆ ಇದೇನು ಮಹಾ ಎಂದು ನನಗೂ ಅನಿಸುತ್ತದೆ. ಹೋಗಬಹುದೆ? ಆ ದಿನ ಮಾತ್ರೆ ಬಿಡಬೇಕೆ?

ಉತ್ತರ: ಅವಶ್ಯವಾಗಿ ಹೋಗಿ ಬನ್ನಿ, ಜುಲೈ ತಿಂಗಳ ಅಪರಾಹ್ಣದಲ್ಲಿ ಮಾತ್ರ ಸಲ್ಲದು. ಹೋಗಿಬರುವ ದಾರಿ ಸುಮಾರು 5 ಕಿಲೋಮೀಟರ್, ಏರು ಸುಮಾರು 150 ಮೀಟರ್; ಅಂಕಿಗಳನ್ನಷ್ಟೇ ನೋಡಿದರೆ ದಿನವೂ ವಾಯುವಿಹಾರ ಮಾಡುವವರಿಗೆ ಇದು ಅಸಾಧ್ಯವಲ್ಲ. ಆದರೆ ಆ ದಾರಿಯ ಬಹುಭಾಗ ಬೋಳು ಮರಳುಗಲ್ಲಿನ ಇಳಿಜಾರು. ಮರದ ನೆರಳಿಲ್ಲ, ಕುಡಿಯುವ ನೀರಿಲ್ಲ. ಬೆಳಗಿನಿಂದ ಬಿಸಿಲನ್ನು ಹೀರಿದ ಬಂಡೆ ಅಪರಾಹ್ಣದ ಹೊತ್ತಿಗೆ ತಾನೂ ಶಾಖವನ್ನು ಉಗುಳತೊಡಗುವುದರಿಂದ, 38 ಡಿಗ್ರಿ ಸೆಲ್ಸಿಯಸ್ಸನ್ನು ಅನೇಕ ದಿನ ಮೀರುವ ಅಲ್ಲಿನ ಬೇಸಗೆಯಲ್ಲಿ, ನಡೆಯುವವನ ದೇಹವು ಮೇಲಿನಿಂದಲೂ ಕೆಳಗಿನಿಂದಲೂ ಏಕಕಾಲದಲ್ಲಿ ಬೇಯುತ್ತದೆ.

ದಾವಣಗೆರೆಯ ಅಭ್ಯಾಸವನ್ನು ಅಲ್ಲಿ ನೆಚ್ಚಬೇಡಿ. ಉಷ್ಣವನ್ನು ಸಹಿಸುವ ಶಕ್ತಿ ದೇಹಕ್ಕೆ ಬರಲು ಒಂದೆರಡು ವಾರ ಬಿಸಿಲಿನಲ್ಲಿ ದುಡಿಯಬೇಕು. ಹವಾನಿಯಂತ್ರಿತ ಮನೆಯಲ್ಲಿ ಕೆಲವು ವಾರ ಕುಳಿತರೆ ಅದು ಕರಗಿಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಬೆವರಿನ ವಿಚಾರ. ನಮ್ಮ ಸೆಕೆಯಲ್ಲಿ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿದೊಡನೆ ನೀರು ಕುಡಿಯಬೇಕೆಂಬ ಎಚ್ಚರಿಕೆ ತಾನಾಗಿ ಬರುತ್ತದೆ. ಆ ಶುಷ್ಕ ವಾಯುವಿನಲ್ಲಾದರೋ ಬೆವರು ಚರ್ಮದ ಮೇಲೆ ನಿಲ್ಲುವ ಮೊದಲೇ ಆವಿಯಾಗುವುದರಿಂದ, ಗಂಟೆಗೆ ಒಂದು ಲೀಟರಿನಷ್ಟು ನೀರು ಹೋದರೂ ಮೈ ಒಣಗಿಯೇ ಇರುತ್ತದೆ. ವಯಸ್ಸಾದವರಲ್ಲಿ ಬಾಯಾರಿಕೆಯೂ ಮಂದವಾಗುತ್ತದೆ. ಇವೆರಡರ ಮೇಲೆ, ಮೂತ್ರದ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕುವ ತಮ್ಮ ಮಾತ್ರೆ ಸೇರಿದಾಗ, ತಲೆ ಸುತ್ತಿ ಬೀಳುವವರೆಗೆ ಅಪಾಯದ ಅರಿವೇ ಆಗದಿರುವುದುಂಟು. ಆದಕಾರಣ ಬಾಯಾರಿಕೆಯನ್ನು ಕಾಯದೆ, ಕಾಲುಗಂಟೆಗೊಮ್ಮೆ ಕೆಲವು ಗುಟುಕು ನೀರು ಕುಡಿಯತಕ್ಕದ್ದು.

ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಬಿಡಕೂಡದು. ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಂಡು, ಆ ದಿನಗಳಲ್ಲಿ ಪ್ರಮಾಣವನ್ನು ಬದಲಿಸಬೇಕೆ ಎಂದು ಕೇಳಿ, ಸೋಡಿಯಂ ಮತ್ತು ಪೊಟ್ಯಾಸಿಯಂಗಳ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಈ ಔಷಧ ಕೆಲವರ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ; ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಇರಲಿ.

ಸಂಜೆಯ ಬಿಸಿಲಿನಲ್ಲಿ ಆ ಕಮಾನು ಕೆಂಪಗೆ ಬೆಳಗುವ ಸೊಬಗನ್ನು ಕಾಣಲೆಂದೇ ಜನ ಅಪರಾಹ್ಣದಲ್ಲಿ ಹತ್ತುತ್ತಾರೆಂಬುದನ್ನು ನಾನು ಬಲ್ಲೆ. ಆ ಆಸೆ ಸಹಜವಾದದ್ದೇ. ಅಕ್ಟೋಬರಿನಲ್ಲಿ ಹೋಗುವುದಾದರೆ ನಾನೇ ಸಂತೋಷದಿಂದ ಸಮ್ಮತಿಸುತ್ತಿದ್ದೆ. ಜುಲೈನಲ್ಲಿ ಸೂರ್ಯೋದಯದ ವೇಳೆಗೆ ಹೊರಟರೆ, ಸುಮಾರು 14 ಮೀಟರ್ ಎತ್ತರದ ಆ ಕಂಡಿಯನ್ನು ಸಾವಕಾಶವಾಗಿ ನೋಡಿ, ಬಂಡೆ ಕಾಯುವ ಮುನ್ನ ಕೆಳಗಿಳಿಯಬಹುದು.

ಪ್ರಶ್ನೆ: ನಾನು ಸಾಲ್ಟ್ ಲೇಕ್ ಸಿಟಿಯಲ್ಲಿರುವ ಕನ್ನಡತಿ, ವಯಸ್ಸು 34. ಅದೇ ದಾರಿಯಲ್ಲಿ ಒಂದು ಮಧ್ಯಾಹ್ನ ಏನೂ ತಿನ್ನದೆ ನೀರನ್ನೇ ಯಥೇಚ್ಛ ಕುಡಿದೆ. ಆದರೂ ತಲೆನೋವು, ವಾಂತಿ. ನೀರು ಸಾಲಲಿಲ್ಲವೆ?

ಉತ್ತರ: ಅತಿಯಾಗಿರಲೂಬಹುದು. ಬೆವರಿನೊಡನೆ ಲವಣವೂ ಹೋಗುತ್ತದೆ. ಬರಿಯ ನೀರನ್ನೇ ತುಂಬಿಕೊಂಡರೆ ರಕ್ತದ ಸೋಡಿಯಂ ಇಳಿದು ಇದೇ ಚಿಹ್ನೆಗಳು ತೋರುತ್ತವೆ. ಉಷ್ಣದ ಬಳಲಿಕೆಯಲ್ಲಿಯೂ ಹೀಗೆಯೇ ಆಗುವುದರಿಂದ, ಯಾವುದೆಂದು ಪತ್ರದಿಂದ ಹೇಳಲಾಗದು. ಇನ್ನು ಮುಂದೆ ನೀರಿನ ಜೊತೆಗೆ ಉಪ್ಪು ಹಚ್ಚಿದ ಕಡಲೆಕಾಯಿಯನ್ನೋ ಖಾರಾ ಮಂಡಕ್ಕಿಯನ್ನೋ ಒಯ್ಯಿರಿ. ಜೊತೆಗಿರುವವರು ಮಾತಿನಲ್ಲಿ ತಡವರಿಸಿದರೆ, ದಾರಿ ತಿಳಿಯದೆ ಅಲೆದರೆ, ಅದನ್ನು ಉಷ್ಣಾಘಾತವೆಂದೇ ಭಾವಿಸತಕ್ಕದ್ದು. ಬೆವರುತ್ತಿದ್ದಾರಲ್ಲಾ ಎಂದು ಸಮಾಧಾನ ಪಡಬೇಡಿ. ನೆರಳು ಸಿಕ್ಕಿದಲ್ಲಿ ಮಲಗಿಸಿ, ಕುಡಿಯಲೆಂದು ಉಳಿಸಿದ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿ, ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. 911ಕ್ಕೆ ಕರೆ ಮಾಡಿ. ಮೊಬೈಲ್ ಸಿಗದಿದ್ದರೆ ದಾರಿಹೋಕರೊಬ್ಬರನ್ನು ಕೆಳಕ್ಕೆ ಕಳುಹಿಸಿ, ತಾವು ರೋಗಿಯ ಬಳಿಯೇ ಇರಿ.