ಸೀಗಿಬಳ್ಳಿ

ಅಕ್ಕಾ, ತಲಿ ಎರಕೊಳ್ಳಲು ಸೀಗಿಕಾಯಿ ಬೇಕಲ್ಲ? ಅದು ಅಡವಿಯ ಮುಳ್ಳುಬಳ್ಳಿ. ನಮ್ಮ ಮಿಶ್ರಿಕೋಟಿ ಕಲಘಟಗಿ ತಾಲೂಕಿನ ಊರು. ತಾಲೂಕಿನ ಪಶ್ಚಿಮಕ್ಕೆ ಅಡವಿ ಐತಿ. ಅಂಥ ಅಡವಿಯಲ್ಲಿ ಸೀಗಿ ದೊಡ್ಡ ಗಿಡ ಹಿಡಿದು ಮೇಲೇರುತ್ತದೆ.

ಸೀಗಿಕಾಯಿಯಲ್ಲಿ ಸಾಪೊನಿನ್ ಎಂಬ ಅಂಶ ಇದೆ. ಅದರಿಂದಲೇ ನೊರೆ ಬರುತ್ತದೆ. ಜಿಡ್ಡು ಹೋಗುತ್ತದೆ. ಕಾಯಿ ಒಣಗಿಸಿ ಪುಡಿ ಮಾಡಿರಿ. ಮೆಂತ್ಯೆ ಕೂಡಿಸಬಹುದು. ಪುಡಿ ಕಣ್ಣಾಗ ಬಿದ್ದರೆ ಉರಿಯುತ್ತದೆ. ಉಜ್ಜಬೇಡಿರಿ. ತಣ್ಣೀರಿನಿಂದ ತೊಳೆಯಿರಿ. ಸೀಗಿಯ ಎಳೆ ಚಿಗುರು ಹುಳಿ. ಅದರ ಚಟ್ನಿ ಮಾಡುತ್ತಾರೆ.

ಕಾಯಿಗಾಗಿ ಬಳ್ಳಿಯನ್ನೇ ಕಡಿದರೆ ಮುಂದಿನ ವರ್ಷ ಏನು ಸಿಗುತ್ತದೆ? ಬಳ್ಳಿ ಉಳಿಸೋಣ. ಬೀಜಕ್ಕೆ ಒಂದಿಷ್ಟು ಕಾಯಿ ಬಿಡೋಣ. ಕಾಯಿ ಮಾರುವಾಗ ತೂಕ ನಾವೇ ಓದೋಣ. ಅಕ್ಷರ ಕಲಿತದ್ದು ಅದಕ್ಕೂ ಹೌದಲ್ಲವೇನ್ರಿ?

ಓದಿರಿ, ಬರೆಯಿರಿ: ಬಳ್ಳಿ, ಮುಳ್ಳು, ನೊರೆ, ತೂಕ.